ಕಿಟಕಿಯ ಕೆಳಗಿನ ಹುಲ್ಲು

"ತಲೆ ತೀರಾ ಮೇಲೆತ್ತಬೇಡಿ ರೀ, ಶ್ವಾಸಕೋಶಕ್ಕೆ ಹೋಗುತ್ತೆ!" ಎಂದು ಸೊಸೆ ಕೂಗಿದಳು. ಗಂಡ ಹೋರಿಯ ದವಡೆಯನ್ನು ಸ್ವಲ್ಪ ಇಳಿಸಿ ಹಿಡಿದ. ವಿಷ ಇಳಿಯಲೆಂದು ತಣ್ಣೀರಿಗೆ ಬೆರೆಸಿದ ವಿನೆಗರನ್ನು ಅವಳು ಬಾಟಲಿಯಿಂದ ಸುರಿದಳು. ಅರ್ಧ ಒಳಗೆ ಹೋಯಿತು, ಅರ್ಧ ಅವಳ ತೋಳಿನ ಮೇಲೆ ಹರಿಯಿತು. ಹೋರಿ ಒಮ್ಮೆ ನಡುಗಿ, ಕಾಲು ಸೆಟೆದು, ನೊರೆ ಕಾರಿ ಸುಮ್ಮನಾಯಿತು. ಪಕ್ಕದಲ್ಲಿ ಇನ್ನೆರಡು ಆಗಲೇ ಸತ್ತು ಬಿದ್ದಿದ್ದವು. ಮೂಲೆಯ ಕಂದು ಹೋರಿ ಮಾತ್ರ ನಿಂತಿತ್ತು. ಮೈ ಬಿಸಿಯಾಗಿ ಅದು ಬೆಳಗಿನ ಮೇವಿಗೆ ಬಾಯಿ ಹಾಕಿರಲಿಲ್ಲ.

ಮಾಂಸಕ್ಕಾಗಿ ಹೋರಿಗಳನ್ನು ಕೊಬ್ಬಿಸುವ ಕೊಟ್ಟಿಗೆ ಅದು. ಮೇವೆಂದರೆ ಕತ್ತರಿಸಿದ ಕಬ್ಬು. ಕಬ್ಬಿನಲ್ಲಿ ಸಿಹಿ ಬಿಟ್ಟರೆ ಮೈಗೆ ಹತ್ತುವಂಥದ್ದು ಏನಿದೆ? ಅದಕ್ಕೇ ಹತ್ತಿಕಾಳಿನ ಹಿಂಡಿ, ತೌಡು, ಖನಿಜದ ಪುಡಿ, ಜೊತೆಗೆ ನೀರಿನಲ್ಲಿ ಕರಗಿಸಿ, ಸಕ್ಕರೆ ಕಾರ್ಖಾನೆಯ ಕಪ್ಪು ಪಾಕವಾದ ಕಾಕಂಬಿಗೆ ಬೆರೆಸಿದ ಒಂದಿಷ್ಟು ಯೂರಿಯಾ. ಇದನ್ನೆಲ್ಲ ತರಬೇತಿಗೆ ಹೋಗಿ ಕಲಿತು ಬಂದವಳು ಸೊಸೆ. ಮನೆಯೊಳಗೆ ಅಡುಗೆಗೆ ಉಪ್ಪು ಎಷ್ಟೆಂದು ಕೂಡ ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಅವಳ ಮಾತು ನಡೆಯುತ್ತಿದ್ದದ್ದು ಈ ಕೊಟ್ಟಿಗೆಯೊಂದರಲ್ಲೇ.

ಮಾವ ಮೊದಲ ದಿನವೇ ಮೂಗು ಮುರಿದಿದ್ದ. "ಗಿಡಕ್ಕೆ ಹಾಕೋ ಗೊಬ್ಬರಾನ ಯಾರಾದ್ರೂ ದನಕ್ಕೆ ತಿನ್ನಿಸ್ತಾರೇನಮ್ಮ? ನಾಳೆ ನಮಗೂ ಒಂದು ಚಮಚ ಬಡಿಸ್ತೀಯೇನೋ!"

ಅವಳಿಗೆ ನಗು ಬಂದಿತ್ತು. "ಚೂರು ಚೂರೇ ಹೆಚ್ಚಿಸ್ತಾ ಅಭ್ಯಾಸ ಮಾಡಿಸಿದ್ರೆ ಏನೂ ಆಗಲ್ಲ ಮಾವ. ನಡುವೆ ಬಿಟ್ರೆ ಮಾತ್ರ ಕಷ್ಟ. ಬಿಟ್ಟು ಮತ್ತೆ ಒಂದೇ ಸಲ ಪೂರ್ತಿ ಹಾಕಿದ್ರೆ ಅದೇ ವಿಷ."

ಅಕ್ಕನ ಆಪರೇಷನ್‌ಗೆಂದು ವಾರದ ಮಟ್ಟಿಗೆ ಹೊರಟಾಗಲೂ ಇದನ್ನೇ ಮತ್ತೆ ಹೇಳಿ, ಯೂರಿಯಾ ಅಳೆಯುವ ಡಬ್ಬಿಯನ್ನು ಮಾವನ ಕೈಗೆ ಕೊಟ್ಟು ಹೋಗಿದ್ದಳು. ನಿನ್ನೆ ಸಂಜೆ ಮರಳಿದಳು. ಇವತ್ತು ಬೆಳಿಗ್ಗೆ ಎಂದಿನ ಅಳತೆಯಲ್ಲೇ ಕಲಸಿ ಹಾಕಿದಳು.

ಪಶುವೈದ್ಯ ಬರುವಷ್ಟರಲ್ಲಿ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ. ಅವನು ಡಬ್ಬಿಯನ್ನು ತಿರುಗಿಸಿ ನೋಡಿದ, ಗೋದಲಿಯಲ್ಲಿ ಉಳಿದ ಮೇವನ್ನು ಮೂಸಿದ.

"ಅಳತೆ ಸರಿಯಾಗೇ ಇದೆಯಲ್ಲ. ಮಧ್ಯೆ ಏನಾದ್ರೂ ನಿಲ್ಲಿಸಿದ್ರಾ?"

ಎಲ್ಲರೂ ಮಾವನ ಕಡೆ ನೋಡಿದರು. ಅವನು ಹೆಗಲ ಮೇಲಿನ ಟವಲಿನಿಂದ ನಿಧಾನವಾಗಿ ಮುಖ ಒರೆಸಿಕೊಂಡ. "ಒಂದು ಹೊತ್ತೂ ತಪ್ಪಿಸಿಲ್ಲ. ಇವಳು ಹೇಳಿಕೊಟ್ಟ ಹಾಗೇ ಹಾಕಿದ್ದೀನಿ."

"ನಿಜ ಹೇಳಿ ಮಾವ."

"ಈ ವಯಸ್ಸಲ್ಲಿ ನಿನ್ನ ಮುಂದೆ ನಿಂತು ಸುಳ್ಳು ಹೇಳ್ಬೇಕಾ ನಾನು?"

"ಅಪ್ಪನ ಮೇಲೆ ಹಾಕ್ಬೇಡ," ಎಂದ ಗಂಡ. ಅವನ ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಪ್ರಯಾಣದ ಆಯಾಸದಲ್ಲಿ ಕೈ ತಪ್ಪಿ ಜಾಸ್ತಿ ಸುರಿದಿದ್ದೀಯ. ನಾಳೆಯಿಂದ ನೀನು ಕೊಟ್ಟಿಗೆ ಕಡೆ ಬರೋದೇ ಬೇಡ. ಅಡುಗೆಮನೆ ನೋಡ್ಕೋ, ಸಾಕು."

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅದಕ್ಕಿಂತ ಕೆಟ್ಟದ್ದೆಂದರೆ, ತನ್ನ ಕೈಯ ಮೇಲೆ ತನಗೇ ಅನುಮಾನ ಹುಟ್ಟಿತು. ನಿಜಕ್ಕೂ ಜಾಸ್ತಿ ಸುರಿದುಬಿಟ್ಟೆನೇ? ಬೆಳಗಿನಿಂದ ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆದಳು. ಎಷ್ಟು ನೆನೆದರೂ ಡಬ್ಬಿ ಅಂಚಿನವರೆಗೇ ತುಂಬುತ್ತಿತ್ತು, ಚೆಲ್ಲುತ್ತಿರಲಿಲ್ಲ.

ಮಧ್ಯಾಹ್ನ ಬಕೆಟ್ಟುಗಳನ್ನು ತೊಳೆಯಲೆಂದು ಕೊಟ್ಟಿಗೆಯ ಹಿಂದಕ್ಕೆ ಹೋದಳು. ಈ ಕೆಲಸವನ್ನಂತೂ ಯಾರೂ ಬೇಡವೆಂದಿರಲಿಲ್ಲ. ಹಿತ್ತಲೆಲ್ಲ ಒಣಗಿ ಹಳದಿಯಾಗಿತ್ತು. ಮೇವು ಕಲಸುವ ಕೋಣೆಯ ಕಿಟಕಿಯ ಕೆಳಗೆ ಮಾತ್ರ ಹುಲ್ಲು ಕಡುಹಸಿರಾಗಿ, ದಟ್ಟವಾಗಿ ಎದ್ದಿತ್ತು. ಅವಳು ಊರಿಗೆ ಹೊರಟ ದಿನ ಅಲ್ಲಿ ಹಾಗಿರಲಿಲ್ಲ. ಕಿಟಕಿಯ ಕಟ್ಟೆಯಿಂದ ನೆಲದವರೆಗೆ ನೀರು ಇಳಿದ ಬಿಳಿ ಕಲೆ, ಯೂರಿಯಾ ಕರಗಿಸಿದ ಬಕೆಟ್ಟಿನ ಅಂಚಿನಲ್ಲಿ ಒಣಗಿ ಉಳಿಯುವಂಥದ್ದೇ. ಅವಳು ಕಲೆಯನ್ನು ಬೆರಳಿನಿಂದ ಕೆರೆದಳು.

ಅಷ್ಟರಲ್ಲಿ ಮಾವ ಕಂದು ಹೋರಿಯನ್ನು ಹೊರಗೆ ಕಟ್ಟಲು ಹಿಡಿದುಕೊಂಡು ಬಂದ. ಮೈ ಬಿಸಿ ಇಳಿದು ಹಸಿದಿದ್ದ ಹೋರಿ ಹುಲ್ಲು ಕಂಡದ್ದೇ ಅವನನ್ನು ಎಳೆದುಕೊಂಡು ನುಗ್ಗಿತು. ಅವನು ಎರಡೂ ಕೈಯಿಂದ ಹಗ್ಗ ಜಗ್ಗಿ ಅದರ ಮೂತಿಗೆ ಪಟಪಟನೆ ಹೊಡೆದ. "ಏಯ್, ಬೇಡ! ಅದಕ್ಕೆ ಬಾಯಿ ಹಾಕ್ಬೇಡ, ಸಾಯ್ತೀಯ!"

ಆಮೇಲೆ ಅವಳನ್ನು ನೋಡಿದ. ಅವಳ ಬೆರಳ ತುದಿ ಬೆಳ್ಳಗಾಗಿತ್ತು. ಅವನ ಕಣ್ಣು ಆ ಬೆರಳಿನ ಮೇಲೆ ಒಂದು ಗಳಿಗೆ ನಿಂತು, ಅಲ್ಲಿಂದ ನೆಲಕ್ಕಿಳಿಯಿತು.

"ಒಳಗೆ ಹೋಗಮ್ಮ," ಎಂದ ಮೆತ್ತಗೆ. "ಬಿಸಿಲು ಜಾಸ್ತಿ ಇದೆ."

ಅವಳು ಕದಲಲಿಲ್ಲ. ಮಾವ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಹೋರಿ ಮಾತ್ರ ಕೊರಳು ನೀಡಿ ಹುಲ್ಲಿನತ್ತ ನಾಲಿಗೆ ಚಾಚುತ್ತಲೇ ಇತ್ತು.