ಜಾಲರಿಯಾಚೆಯ ಹಾಜರಿ

ನಮ್ಮ ನ್ಯಾಯಾಲಯದ ಕಡತದ ಪ್ರಕಾರ, ಆ ಬುಧವಾರ ಮಧ್ಯಾಹ್ನ ಮೂರು ಇಪ್ಪತ್ತಕ್ಕೆ, ಗೋಡೆಗೆ ಪೋಸ್ಟರ್ ಅಂಟಿಸುವವನೊಬ್ಬ ಮ್ಯಾಜಿಸ್ಟ್ರೇಟ್ ಸಾಹೇಬರ ಮುಂದೆ ನಿಂತು, ಪೊಲೀಸರು ತನಗೆ ಯಾವ ಹಿಂಸೆಯನ್ನೂ ಕೊಟ್ಟಿಲ್ಲ ಎಂದು ಹೇಳಿದ. ಹಾಗೆಂದು ಬರೆದವಳು ನಾನು. ಅವನು ನಿಂತಿರಲಿಲ್ಲ, ಹೇಳಿರಲಿಲ್ಲ, ಸಾಹೇಬರು ಅವನ ಮುಖವನ್ನೇ ನೋಡಿರಲಿಲ್ಲ. ಇಪ್ಪತ್ತಾರು ವರ್ಷ ಬೆಂಚ್ ಕ್ಲರ್ಕ್ ಆಗಿ ಸಾಹೇಬರುಗಳ ಪೀಠದ ಕೆಳಗಿನ ಮೇಜಿನಲ್ಲಿ ಕೂತವಳು ನಾನು. ಸುಳ್ಳು ಸಾಕ್ಷಿಗಳನ್ನು ಬೇಕಾದಷ್ಟು ಕೇಳಿದ್ದೇನೆ, ಕೇಳಿ ಆಕಳಿಸಿದ್ದೇನೆ. ನನ್ನದೇ ಅಕ್ಷರ ಓದಿ ವಾಕರಿಕೆ ಬಂದದ್ದು ಮಾತ್ರ ಅದೇ ಮೊದಲು.

ಇದೆಲ್ಲ ಶುರುವಾದದ್ದು ಲಿಫ್ಟ್ ಕೆಟ್ಟ ದಿನ. ಯಾರನ್ನೇ ಹಿಡಿದರೂ ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತಂದು ನಿಲ್ಲಿಸಬೇಕು, ಅವರು ಅವನನ್ನು ಕಣ್ಣಾರೆ ನೋಡಬೇಕು, ಹೊಡೆದರಾ ಎಂದು ಕೇಳಬೇಕು. ಸಂವಿಧಾನ ಕೊಟ್ಟ ಹಕ್ಕು, ದೊಡ್ಡ ಮಾತು. ನಮ್ಮ ಹಾಲ್ ಇರುವುದು ಮೂರನೇ ಮಹಡಿಯಲ್ಲಿ. ಬೇಡಿ ಹಾಕಿದವರನ್ನು ಎಳೆದುಕೊಂಡು ಮೆಟ್ಟಿಲು ಹತ್ತಲು ಪೊಲೀಸರಿಗೆ ಮೈಬಗ್ಗದು. ಅವರ ಬೆವರಿನ ವಾಸನೆಗೆ ವಕೀಲರು ಮೂಗು ಮುರಿಯುತ್ತಿದ್ದರು. ಆಗ ಸಾಹೇಬರು ನನ್ನನ್ನು ಕರೆದು ಹೇಳಿದರು:

“ಲಿಫ್ಟ್ ರಿಪೇರಿ ಆಗೋವರೆಗೂ ನೀವೇ ಕೆಳಗೆ ಹೋಗಿ ಹೆಸರು ಕೂಗಿ ಬಂದ್ಬಿಡಿ ಅಮ್ಮಾ. ವ್ಯಾನಲ್ಲೇ ಇರ್ತಾರಲ್ಲ.”

ಲಿಫ್ಟ್ ಎಂಟೇ ದಿನಕ್ಕೆ ರಿಪೇರಿಯಾಯಿತು. ಸಾಹೇಬರೂ ಅವರ ಊಟದ ಡಬ್ಬಿಯೂ ಅದರಲ್ಲಿ ಆರಾಮಾಗಿ ಓಡಾಡಿಕೊಂಡಿದ್ದವು. ಕೆಳಗೆ ಹೋಗಿ ಕೂಗುವುದು ಮಾತ್ರ ಎರಡು ವರ್ಷವಾದರೂ ನಿಲ್ಲಲಿಲ್ಲ. ಬೇಡ ಎಂದು ನಾನೂ ಹೇಳಲಿಲ್ಲ. ಹೊರಗೆ ಹೋದ ನೆಪದಲ್ಲಿ ಒಂದು ಟೀ ಕುಡಿದು ಬರಬಹುದಿತ್ತು, ನಿಜ ಹೇಳಬೇಕೆಂದರೆ ಅಷ್ಟೇ ಕಾರಣ.

ವ್ಯಾನಿನ ಕಿಟಕಿಗೆ ಕಬ್ಬಿಣದ ಜಾಲರಿ. ಅದರ ಸಂದಿಯಲ್ಲಿ ಬೆರಳು ಕಾಣುತ್ತವೆ, ಮುಖ ಕಾಣುವುದಿಲ್ಲ. ಮೂತ್ರದ ನಾತ, ಕಾದ ತಗಡಿನ ವಾಸನೆ. ನಾನು ಹತ್ತಡಿ ದೂರದ ನೆರಳಿನಲ್ಲಿ ನಿಂತು ಹೆಸರು ಕೂಗಬೇಕು, ಒಳಗಿನಿಂದ ಅವರು “ಹಾಜರ್” ಎನ್ನಬೇಕು. ನಾನು “ದೂರು ಇದೆಯಾ?” ಎನ್ನಬೇಕು, ಅವರು “ಇಲ್ಲ” ಎನ್ನಬೇಕು. ಪಕ್ಕದಲ್ಲೇ ಲಾಠಿ ಹಿಡಿದ ಪೇದೆ ಕೂತಿರುವಾಗ ಯಾವ ಗಂಡು “ಇದೆ” ಎಂದಾನು? ಆಮೇಲೆ ಒಂದೊಂದು ಹಾಳೆಗೂ ಸ್ಟಾಂಪು: ‘ನನ್ನ ಮುಂದೆ ಹಾಜರುಪಡಿಸಲಾಗಿದೆ. ವಿಚಾರಿಸಿದೆ. ಹಿಂಸೆಯ ದೂರು ಇಲ್ಲ.’ ಕೈಯಲ್ಲಿ ಬರೆದು ಬರೆದು ಸಾಕಾಗಿ, ಆ ಸ್ಟಾಂಪು ಮಾಡಿಸಿಕೊಡಿ ಎಂದು ಅರ್ಜಿ ಹಾಕಿದವಳೂ ನಾನೇ. ಹೆಸರು ಮತ್ತು ಸಮಯ ಮಾತ್ರ ಕೈಯಿಂದ ತುಂಬುತ್ತಿದ್ದೆ.

ಆ ಬುಧವಾರ ಕಾನೂನು ಕಾಲೇಜಿನ ನಲವತ್ತು ವಿದ್ಯಾರ್ಥಿಗಳು ಬಂದಿದ್ದರು. ಸಾಹೇಬರ ಉಪನ್ಯಾಸ, ವಿಷಯ ‘ಅಧಿಕಾರದ ಮಿತಿಗಳು’. ಅಷ್ಟು ಜನಕ್ಕೂ ಟೀ ಬಿಸ್ಕತ್ತು ನೋಡಿಕೊಳ್ಳುವ ಕೆಲಸ ನನ್ನ ತಲೆಗೇ ಕಟ್ಟಿದ್ದರು. ಅದರ ನಡುವೆ ವ್ಯಾನ್ ಬಂತೆಂದು ಕೆಳಗೆ ಓಡಿದೆ. ಒಟ್ಟು ಆರು ಹೆಸರು. ಐದನೆಯವನು ಮನೆಗಳಿಗೆ ಬಣ್ಣ ಬಳಿಯುವವನು, ಯಾರದೋ ಜಗಳದಲ್ಲಿ ಸಿಕ್ಕಿಬಿದ್ದಿದ್ದ. ಒಡಕು ದನಿಯಲ್ಲಿ “ಹಾಜರ್” ಎಂದ. ಆರನೆಯವನು ಪೋಸ್ಟರ್ ಅಂಟಿಸುವವನು. ಪುರಸಭೆಯ ಚುನಾವಣೆಯನ್ನು ಮೂರನೇ ಸಲ ಮುಂದೂಡಿದ್ದರು. ‘ನಮ್ಮ ಚುನಾವಣೆ ಯಾವಾಗ?’ ಎಂಬ ಪೋಸ್ಟರನ್ನು ಅವನು ಪುರಸಭೆಯ ಗೋಡೆಗೇ ಅಂಟಿಸಿದ್ದ. ಶಾಂತಿಭಂಗ ಎಂದು ಕೇಸು.

ಅವನ ಹೆಸರು ಕೂಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ.

“ಲೇ, ಅವನದ್ದೂ ನೀನೇ ಹೇಳೋ. ನಿದ್ದೆ ಹೊಡೀತಿದಾನೆ” ಎಂದು ಒಳಗೆ ಪೇದೆ ಗದರಿದ.

“ಹಾಜರ್” ಎಂದಿತು ಅದೇ ಒಡಕು ದನಿ.

“ದೂರು ಇದೆಯಾ?”

“ಅಮ್ಮಾ, ಇವನಿಗೆ ಒಂದ್ಸಲ...” ಎನ್ನುವಷ್ಟರಲ್ಲಿ ಲಾಠಿ ತಗಡಿಗೆ ಧಡಾರನೆ ಬಡಿಯಿತು.

“ಇಲ್ಲ ಮೇಡಂ, ಏನೂ ದೂರಿಲ್ಲ, ಬರ್ಕೊಳ್ಳಿ” ಎಂದ ಪೇದೆ.

ಬರೆದುಕೊಂಡೆ. ಗೊತ್ತಾಗಲಿಲ್ಲ ಎಂದು ಹೇಳಲಾರೆ. ಎರಡು ಹೆಸರಿಗೆ ಒಂದೇ ಗಂಟಲು ಉತ್ತರ ಕೊಟ್ಟದ್ದು ಚೆನ್ನಾಗಿಯೇ ಕೇಳಿಸಿತ್ತು. ಬಿಸಿಲು ಸುಡುತ್ತಿತ್ತು, ಮೇಲೆ ಟೀ ಆರುತ್ತಿತ್ತು.

ನಾನು ಹಾಳೆಗಳನ್ನು ಹಿಡಿದು ಹಾಲ್‌ಗೆ ಬಂದಾಗ ಸಾಹೇಬರು ಮಾತಿನ ಭರದಲ್ಲಿದ್ದರು. “ಅಧಿಕಾರದ ಕೈ ಒಬ್ಬ ಬಡವನ ಕುತ್ತಿಗೆ ಮೇಲೆ ಬಿದ್ದರೆ, ಒಂದು ದಿನದೊಳಗೆ ಆ ಕೈಯನ್ನು ಹಿಡಿದು ಪ್ರಶ್ನಿಸುವವನೊಬ್ಬ ಇರಬೇಕು. ಅವನೇ ಮ್ಯಾಜಿಸ್ಟ್ರೇಟ್!” ಎನ್ನುತ್ತ, ಆ ವಾಕ್ಯ ಮುಗಿಯುವುದರೊಳಗೆ ಆರೂ ಜನರನ್ನು ಜೈಲಿಗೆ ಕಳಿಸುವ ಹಾಳೆಗಳಿಗೆ ಸಹಿ ಎಳೆದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಅದನ್ನು ಅಕ್ಷರ ಬಿಡದೆ ಬರೆದುಕೊಂಡಳು. ನಲವತ್ತು ಜನ ಚಪ್ಪಾಳೆ ತಟ್ಟಿದರು. ಅವರ ಜೊತೆ ನಾನೂ ತಟ್ಟಿದೆ, ಥೂ.

ಶುಕ್ರವಾರ ಬೆಳಿಗ್ಗೆ ನಮ್ಮ ಯಜಮಾನರು ಎಂದಿನಂತೆ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಬಸ್ ಓಡಿಸಿ ನಿವೃತ್ತರಾದ ಮೇಲೆ ಅವರಿಗೆ ಊರ ಸುದ್ದಿಯನ್ನೆಲ್ಲ ನನ್ನ ಕಿವಿಗೆ ತುಂಬುವುದೇ ಉದ್ಯೋಗ.

“ಕೇಳಿಲ್ಲಿ. ಜೈಲಲ್ಲಿ ಒಬ್ಬ ಕೈದಿ ಇನ್ನೊಬ್ಬನ್ನ ತಲೆಗೆ ಹೊಡೆದು ಕೊಂದುಬಿಟ್ಟನಂತೆ. ಬುಧವಾರ ಮಧ್ಯಾಹ್ನ ಮ್ಯಾಜಿಸ್ಟ್ರೇಟರ ಮುಂದೆ ಆರೋಗ್ಯವಾಗೇ ಇದ್ದನಂತೆ, ಸಂಜೆ ಏಳಕ್ಕೆ ಸತ್ತನಂತೆ. ಸತ್ತೋನು ಪೋಸ್ಟರ್ ಅಂಟಿಸೋನು, ಹೊಡೆದೋನು ಪೇಂಟರ್. ಎಂಥಾ ಜನಾನೋ!”

ತಟ್ಟೆ ಬಿಟ್ಟು ಎದ್ದೆ. ಯಾಕೆಂದು ಅವರು ಕೇಳಿದರು, ಹೊಟ್ಟೆ ಸರಿಯಿಲ್ಲ ಎಂದೆ.

ಆ ದಿನವೇ ಸಾಹೇಬರು ನನ್ನನ್ನು ಕೋಣೆಗೆ ಕರೆಸಿ, “ಕಡತ ಮಾತಾಡುತ್ತೆ, ನಾವು ಮಾತಾಡೋದು ಬೇಡ” ಎಂದರು. ಆಗಲಿ ಸಾರ್ ಎಂದು ತಲೆ ಆಡಿಸಿ ಬಂದೆ.

ಸೋಮವಾರ ಸತ್ತವನ ಅಕ್ಕ ಬಂದಳು. ಟೈಲರ್. ಹೊಲಿಯುತ್ತಿದ್ದವಳು ಹಾಗೇ ಎದ್ದು ಬಂದಿರಬೇಕು, ಅಳತೆ ಟೇಪು ಕುತ್ತಿಗೆಯಲ್ಲೇ ಇತ್ತು. ತಮ್ಮನ ಹಾಳೆಯ ನಕಲು ಕೇಳಿದಳು, ಕೊಟ್ಟೆ. ನನ್ನ ಮೇಜಿನ ಮುಂದೆಯೇ ನಿಂತು ಓದಿದಳು.

“ಮೇಡಂ, ನನ್ನ ತಮ್ಮ ಇಲ್ಲಿ ಬಂದು ನಿಂತಿದ್ನಾ?”

“ರೆಕಾರ್ಡಲ್ಲಿ ಇದೆಯಲ್ಲಮ್ಮಾ.”

“ರೆಕಾರ್ಡ್ ಓದಿದೆ. ನಾನು ನಿಮ್ಮನ್ನ ಕೇಳ್ತಿದೀನಿ. ಅವನು ಎಂಥ ಅಂಗಿ ಹಾಕಿದ್ದ?”

“ದಿನಾ ಎಷ್ಟೋ ಜನ ಬರ್ತಾರೆ. ಅಂಗಿ ಎಲ್ಲಾ ಎಲ್ಲಿ ನೆನಪಿರುತ್ತೆ?”

“ನಾನು ಹೊಲಿದ ಅಂಗಿ. ಆಸ್ಪತ್ರೆಯಲ್ಲಿ ನನ್ನ ಕೈಗೆ ಕೊಟ್ರು. ಒಂದು ತೋಳೇ ಇರಲಿಲ್ಲ, ಭುಜದ ಹತ್ತಿರ ಕಿತ್ತು ಹೋಗಿತ್ತು. ಸ್ಟೇಷನ್ನಲ್ಲೇ ಕಿತ್ತಿದ್ದು ಅಂತ ಪೇಂಟರ್ ಹೇಳ್ತಾನೆ. ಎದುರಿಗೆ ನಿಂತೋನಿಗೆ ಒಂದು ತೋಳಿಲ್ಲ ಅಂದ್ರೆ, ಅದೂ ಮರೆತುಹೋಗುತ್ತಾ ಮೇಡಂ?”

ಆಕೆ ದನಿ ಏರಿಸಲಿಲ್ಲ, ಅಳಲಿಲ್ಲ.

“ಪೇಂಟರ್ ಹೆಂಡತಿ ನಿನ್ನೆ ನನ್ನ ಮನೆಗೆ ಬಂದಿದ್ಲು. ಜೈಲಲ್ಲಿ ಅವಳ ಗಂಡ ಡಾಕ್ಟರ್ ಕರೀರಿ ಅಂತ ಬಾಗಿಲು ಬಡಿದು ಕೂಗಾಡಿದನಂತೆ. ಆ ಗಲಾಟೇನೇ ಹೊಡೆದಾಟ ಅಂತ ಬರೆದಿದಾರೆ. ನನ್ನ ತಮ್ಮ ಇಲ್ಲಿಗೆ ಗಟ್ಟಿಮುಟ್ಟಾಗಿ ನಡೆದು ಬಂದಿದ್ರೆ ಅವಳ ಗಂಡ ಕೊಲೆಗಾರ. ಬಂದಿಲ್ಲ ಅಂದ್ರೆ ಅಲ್ಲ. ಅಷ್ಟು ಹೇಳಿ, ಹೋಗ್ತೀನಿ.”

“ಕೂತ್ಕೊಳ್ಳಿ” ಎಂದು ಕುರ್ಚಿ ತೋರಿಸಿ ಸಾಹೇಬರ ಕೋಣೆಗೆ ಹೋದೆ.

ಸಾಹೇಬರು ಕಿತ್ತಳೆ ಹಣ್ಣು ಸುಲಿದು, ತೊಳೆಯ ಮೇಲಿನ ಬಿಳಿ ನಾರನ್ನು ಒಂದೊಂದಾಗಿ ಕೀಳುತ್ತಿದ್ದರು.

“ಸಾರ್, ಆ ಹಾಳೆ ಸುಳ್ಳು ಅಂತ ಜಿಲ್ಲಾ ನ್ಯಾಯಾಧೀಶರಿಗೆ ಬರೀಬೇಕು.”

“ಬರೀರಿ” ಎಂದರು, ತಲೆ ಎತ್ತದೆ. “ಆರೋಪಿಗಳನ್ನ ನೋಡ್ಕೊಂಡು ಬಂದೆ ಅಂತ ಕ್ಲರ್ಕ್ ಹೇಳಿದ್ರು, ನಂಬಿ ಸಹಿ ಹಾಕ್ದೆ ಅಂತ ನಾನೂ ಬರೀತೀನಿ. ನಿವೃತ್ತಿಗೆ ಎಷ್ಟು ವರ್ಷ ಇದೆ ನಿಮಗೆ?”

“ಎರಡು. ಸಾರ್, ಆ ಪೇಂಟರ್ ಇಡೀ ಜೀವಮಾನ ಒಳಗೆ ಕೊಳೀತಾನೆ.”

“ವಿಚಾರಣೆ ಅಂತ ಒಂದಿರುತ್ತಲ್ಲಮ್ಮಾ. ಇಷ್ಟು ವರ್ಷ ಇಲ್ಲಿದ್ದೀರಿ, ನ್ಯಾಯದ ಮೇಲೆ ಸ್ವಲ್ಪ ನಂಬಿಕೆ ಇಡಿ.” ಹಾಗೆಂದು ಒಂದು ತೊಳೆಯನ್ನು ನನ್ನತ್ತ ಚಾಚಿದರು. “ತಗೊಳ್ಳಿ, ಸಿಹಿ ಇದೆ.”

ಆ ಒದ್ದೆ ಬೆರಳುಗಳನ್ನು ನೋಡಿ ನನಗೆ ಎಂಥ ಹೇಸಿಗೆಯಾಯಿತೆಂದರೆ, ಎರಡು ವರ್ಷದ ಲೆಕ್ಕಾಚಾರವೆಲ್ಲ ಅಲ್ಲೇ ಬಿದ್ದುಹೋಯಿತು. ಧೈರ್ಯ ಎಂದು ಯಾರೂ ತಿಳಿಯಬೇಡಿ. ಇನ್ನೊಂದು ದಿನ ಆ ಕೋಣೆಯಲ್ಲಿ ನಿಂತು “ಸಾರ್” ಎನ್ನಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ.

ಮೇಜಿಗೆ ಮರಳಿ ಬಿಳಿ ಹಾಳೆ ತೆಗೆದು, ಆಕೆಯ ಎದುರೇ ಬರೆದೆ. ಬುಧವಾರ ಯಾವ ಆರೋಪಿಯನ್ನೂ ಮ್ಯಾಜಿಸ್ಟ್ರೇಟರ ಮುಂದೆ ತಂದಿರಲಿಲ್ಲ. ಎರಡು ವರ್ಷದಿಂದ ಒಬ್ಬರನ್ನೂ ತಂದಿಲ್ಲ. ಪೋಸ್ಟರ್ ಅಂಟಿಸುವವನು ಉತ್ತರ ಕೊಡಲಿಲ್ಲ, ಪೇದೆಯ ಮಾತಿಗೆ ಪೇಂಟರ್ ಉತ್ತರ ಕೊಟ್ಟ, ಏನನ್ನೋ ಹೇಳಲು ಹೊರಟವನ ಬಾಯಿ ಮುಚ್ಚಿಸಿದರು. ಸಹಿ ಹಾಕಿ, ತಾರೀಖು ಬರೆದು, ಒಂದು ಪ್ರತಿ ಮಾಡಿಸಿ ಆಕೆಗೆ ಕೊಟ್ಟೆ. ಕೆಲಸ ಹೋಗುತ್ತದೆ, ಕೇಸೂ ಬೀಳಬಹುದು, ಆದರೂ ಎದೆ ಸ್ವಲ್ಪ ಹಗುರಾಗಿತ್ತು. ಆಕೆ ಒಂದು ಒಳ್ಳೆಯ ಮಾತು ಆಡುತ್ತಾಳೆಂದು ನಾಚಿಕೆಯಿಲ್ಲದೆ ಕಾದೆ.

ಆಕೆ ಎರಡು ಸಲ ಓದಿದಳು.

“ವ್ಯಾನಲ್ಲಿದ್ದಾಗ ಅವನಿಗೆ ಜೀವ ಇತ್ತು ಅಲ್ವಾ?”

“ಇತ್ತು.”

“ನೀವು ಎಷ್ಟು ದೂರ ನಿಂತಿದ್ರಿ?”

“ಹತ್ತಡಿ.”

“ಬಾಗಿಲು ತೆಗೀರಿ ಅಂತ ನೀವು ಹೇಳಿದ್ರೆ ತೆಗೀತಿದ್ರಾ?”

ಕೋರ್ಟಿನ ಹಾಳೆ ಹಿಡಿದವಳು ಹೇಳಿದರೆ ಪೇದೆ ತೆಗೆಯಲೇಬೇಕು. “ತೆಗೀತಿದ್ರು” ಎಂದೆ.

ಆಕೆ ಹಾಳೆಯನ್ನು ಮೇಜಿನ ಮೇಲಿಟ್ಟು ನನ್ನತ್ತ ತಳ್ಳಿದಳು.

“ಅದನ್ನೂ ಬರೀರಿ.”