ಯಾರ ಮಗ

ಕಡಲೆ ಕೀಳುವ ದಿನಗಳು. ಗಿಡದ ಹುಳಿ ಹತ್ತಿ ಉಡಚವ್ವನ ಬೆರಳುಗಳು ಬಿರಿದು ಉರಿಯುತ್ತಿದ್ದವು. ಬದುವಿನ ಮೇಲೆ ಕುಳಿತಿದ್ದ, ಊರಿನ ಮಕ್ಕಳಿಗೆ ಆಟ ಕಲಿಸುವ ಅಂದಾನಪ್ಪಜ್ಜ ಅವಳ ಮಗ ಈಶಪ್ಪನಿಗೆ ಅದೇ ಮಾತನ್ನು ಆರನೆಯ ಸಲ ಕೇಳಿದ.

"ನಿನ್ನ ಹೆಸರೇನೊ? ಯಾರ ಮಗಾ ನೀ?"

ಒಂಬತ್ತು ವರ್ಷದ ಹುಡುಗ ಕಾಲ್ಬೆರಳಿನಿಂದ ಹೆಂಟೆ ಒಡೆಯುತ್ತ ನಿಂತ.

ಮರುದಿನ ಕುಂಪಣಿ ಸರಕಾರದ ಕಾರಕೂನ ಅವರ ಊರು ಅಸೂಟಿಯ ಚಾವಡಿಗೆ ಬರುವವನಿದ್ದ. ಉಡಚವ್ವನ ಗಂಡ ಹಾಲಸಿದ್ದಪ್ಪ ಸತ್ತು ವರ್ಷವಾಗಿತ್ತು. ಹುಡುಗ ತಿಳಿಗೇಡಿ, ಹೊಲ ತನ್ನ ಹೆಸರಿಗೆ ಆಗಬೇಕು ಎಂದು ಗಂಡನ ಅಣ್ಣ ತೋಟಪ್ಪ ಅರ್ಜಿ ಕೊಟ್ಟಿದ್ದ. ಹುಡುಗನನ್ನೇ ನಿಲ್ಲಿಸಿ ಎರಡು ಮಾತು ಕೇಳುತ್ತೇನೆ, ತಿಳಿವಳಿಕೆ ಇದ್ದರೆ ಹೊಲ ಅವನದೇ ಎಂದು ಕಾರಕೂನ ಹೇಳಿಕಳಿಸಿದ್ದ.

ಮಂದಿಯನ್ನು ಕಂಡರೆ ಈಶಪ್ಪನ ಬಾಯಿ ಕಟ್ಟುತ್ತಿತ್ತು. ಅದಕ್ಕೇ ಉಡಚವ್ವ ಅವನನ್ನು ಅಜ್ಜನ ದೊಡ್ಡಾಟದ ತಾಲೀಮಿಗೆ ಹಾಕಿದ್ದಳು. ಆಟದಲ್ಲಿ ಯಾವ ವೇಷ ಬಂದರೂ ಸಾರಥಿ ಮೊದಲು ಅದರ ಊರು, ಹೆಸರು ಕೇಳುವುದು ವಾಡಿಕೆ. ಸಾರಥಿ ಅಜ್ಜನೇ. ಎಷ್ಟೋ ಅಂಜುಬುರುಕ ಮಕ್ಕಳ ಬಾಯಿ ಬಿಡಿಸಿದ್ದ ಅವನನ್ನು ಈ ಹುಡುಗ ಒಂದೇ ತಿಂಗಳಲ್ಲಿ ಹಣ್ಣುಮಾಡಿದ್ದ. ಕೊನೆಗೊಂದು ಸಂಜೆ, ಅಜ್ಜ ಬೇಸತ್ತು ತಾಳ ಕೆಳಗಿಟ್ಟಾಗ, ತನ್ನ ಪಾಲಿನ ರಾಜಕುಮಾರನ ಮಾತು ಹುಡುಗನ ಬಾಯಿಂದ ಗುಡುಗಿನಂತೆ ಬಂದಿತ್ತು. ಆದರೆ ಸ್ವಂತ ಹೆಸರು ಕೇಳಿದರೆ ಮತ್ತೆ ತಲೆ ಕೆಳಗೆ.

"ಬಿಡ್ರಿ ಅಜ್ಜಾರ, ನನ್ನ ಹಣೇಬರಾ," ಎಂದಳು ಉಡಚವ್ವ.

"ಹಣೇಬರಾ ಅಲ್ಲವಾ, ಇದು ಹಟಾ," ಎಂದು ಅಜ್ಜ ಸಿಟ್ಟಿನಿಂದ ಎದ್ದುಹೋದ.

ಮರುದಿನ ಚಾವಡಿಯ ತುಂಬ ಮಂದಿ. ಕಾರಕೂನ ಹೆಸರು ಕೇಳಿದ, ಅಪ್ಪನ ಹೆಸರು ಕೇಳಿದ. ಈಶಪ್ಪ ನೆಲ ನೋಡಿದ.

"ನಾ ಹೇಳಲಿಲ್ಲೇನ್ರಿ ರಾಯರ?" ಎಂದ ತೋಟಪ್ಪ. "ಆ ಕಂಬಕ್ಕ ಕೇಳ್ರಿ, ಅದಾದ್ರೂ ಮಾತಾಡೀತು."

ಕಾರಕೂನ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿದ. ಬಾಗಿಲ ಮರೆಯಲ್ಲಿ ಉಡಚವ್ವ ಸೆರಗು ಕಚ್ಚಿಕೊಂಡು ನಿಂತಿದ್ದಳು. ಅಜ್ಜನಿಗೆ ತಡೆಯಲಾಗಲಿಲ್ಲ. ತಾನೊಂದು ಸಲ ಕೇಳುತ್ತೇನೆಂದು ಅಪ್ಪಣೆ ಬೇಡಿ, ತಾಲೀಮಿನ ರಾಗದಲ್ಲೇ ಕೇಳಿದ.

"ಬಂದಂಥವರು ತಾವು ಧಾರು? ತಮ್ಮ ನಾಮಾಂಕಿತವೇನು?"

ಈಶಪ್ಪನ ಕತ್ತು ನೆಟ್ಟಗಾಯಿತು. "ಎಲೈ ಸಾರಥಿ, ರತ್ನಪುರಿಯ ವೀರಸೇನ ಮಹಾರಾಜರ ಪುತ್ರ ಜಯಸೇನನೆಂದು ತಿಳಿ," ಎಂದ, ಹೊರಗೆ ಕಟ್ಟಿದ ಕುದುರೆ ಕಿವಿ ನಿಮಿರಿಸುವಷ್ಟು ಗಟ್ಟಿಯಾಗಿ.

ಮಂದಿ ಬಿದ್ದು ಬಿದ್ದು ನಕ್ಕರು. ಕಾರಕೂನನೂ ನಕ್ಕ, ಆಮೇಲೆ ಬರೆದ. ಅದು ಆಟದ ಮಾತು, ತಪ್ಪು ತನ್ನದು ಎಂದು ಅಜ್ಜ ಹೇಳುತ್ತಲೇ ಇದ್ದ. ನಗೆಯಲ್ಲಿ ಅದು ಯಾರಿಗೂ ಕೇಳಲಿಲ್ಲ. ಹೊಲ ತೋಟಪ್ಪನ ಹೆಸರಿಗೆ ಹೋಯಿತು.

ಉಡಚವ್ವ ಮುಂದೆ ನಡೆದಳು. ಅವಳಿಗೆ ಏನಾದರೂ ಹೇಳಬೇಕೆಂದು ಅಜ್ಜ ಹಿಂದೆ ಬಂದ. ಈಶಪ್ಪ ಅವನ ಕೈ ಹಿಡಿದುಕೊಂಡ.

"ಅಜ್ಜಾ, ಇವತ್ತ ನನ್ನ ದನಿ ಎಲ್ಲಾರಿಗೂ ಕೇಳಸ್ತಲ್ಲಾ?"

"ಕೇಳಸ್ತಪಾ."

ಸೂಡಿ ಊರಿನ ದಾರಿಯಿಂದ ಹೊರೆ ಹೊತ್ತು ಹಿಂದಿನಿಂದ ಬಂದು ಜೊತೆಗೂಡಿದ ಅಪರಿಚಿತ ಮುದುಕಿಯೊಬ್ಬಳು ಹುಡುಗನನ್ನು ಕಂಡು ನಕ್ಕು, ಯಾರ ಪೈಕಿ ಎಂದು ವಿಚಾರಿಸಿದಳು.

"ಈಶಪ್ಪರಿ," ಎಂದ ಹುಡುಗ. "ಅಸೂಟಿ ಹಾಲಸಿದ್ದಪ್ಪನ ಮಗಾ."

ಮುಂದೆ ಹೋಗುತ್ತಿದ್ದ ಉಡಚವ್ವ ಗಕ್ಕನೆ ನಿಂತಳು. ತಿರುಗಿ ನೋಡಲಿಲ್ಲ. ಮುದುಕಿ ಹೊರೆ ಸರಿಮಾಡಿಕೊಂಡು ಅವಳ ಪಕ್ಕದಿಂದ ದಾಟಿಹೋದಳು.