ಹಸಿ ಗೋಡೆ
ಮುಗ್ಗಲು, ಅಲ್ಲ, ಮುಗ್ಗಲಲ್ಲ, ಬರೀ ಸುಣ್ಣದ ವಾಸನೆ, ಗೋಡೆ ಒಡೆದರೆ ಇನ್ನೇನು ಅತ್ತರು ಘಮಘಮಿಸುತ್ತದೆಯೇ, ಎಂದುಕೊಂಡಳು, ಮೊದಲ ಇಟ್ಟಿಗೆ ಒಳಕ್ಕೆ ಬಿದ್ದು ಆ ಕಂಡಿಯಿಂದ ಗಾಳಿ ಬಂದು ಮುಖಕ್ಕೆ ತಾಕಿದಾಗ — ಆದರೆ ಗ್ರಂಥಪಾಲಕಿಯಾಗಿ ಮೂವತ್ತು ವರ್ಷ, ಹಳೇ ಕಾಗದದ ನಡುವೆ ಬದುಕಿದ ಮೂಗು, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ — ಒದ್ದೆ ಬಟ್ಟೆಯನ್ನು ಮಡಿಸಿ ಟ್ರಂಕಿಗೆ ತುರುಕಿ ಮರೆತುಬಿಟ್ಟಂಥ ವಾಸನೆ, ನಿಧಾನ, ನಿಧಾನವಾಗಿ ಹೊಡೀರಪ್ಪ, ಒಳಗೆ ಪುಸ್ತಕ ಇವೆ, ಎಂದಳು ಹಾರೆ ಹಿಡಿದ ಇಬ್ಬರಿಗೆ, ಗ್ರಂಥಾಲಯದ ನೆಲಮಾಳಿಗೆ, ಮೆಟ್ಟಿಲ ಕೆಳಗಿನ ಮೂಲೆ, ಮೂರು ವರ್ಷದ ಹಿಂದೆ ಪುಸ್ತಕಗಳಿಗೆ ಬೆಂಕಿ ಇಡುತ್ತಾ ಬಂದ ಸೈನ್ಯ ಊರೊಳಗೆ ನುಗ್ಗುವ ಹಿಂದಿನ ದಿನ ಅವಳೇ ಮುಂದೆ ನಿಂತು ಕಟ್ಟಿಸಿದ ಗೋಡೆ, ಹಿಂದೆ ನಾನೂರು ಕೈಬರಹದ ಪುಸ್ತಕಗಳು, ಲೋಕದಲ್ಲಿ ಇನ್ನೊಂದು ಪ್ರತಿ ಇಲ್ಲದವು, ಮತ್ತು ಇಲ್ಲಿ ಅವಳ ಬೆನ್ನ ಹಿಂದೆ, ಕೈ ಮುರಿದ ಕುರ್ಚಿಯಲ್ಲಿ, ಆ ಗೋಡೆ ಕಟ್ಟಿದ ಮೇಸ್ತ್ರಿಯ ಹೆಂಡತಿ, ಮಡಿಲಲ್ಲಿ ಕೈಚೀಲ, ತಾನೇ ಕಾಗದ ಬರೆದು ಕರೆಸಿದ್ದು, ಬನ್ನಿ, ನಿಮ್ಮ ಯಜಮಾನರು ಯಾವುದಕ್ಕೆ ಪ್ರಾಣ ಕೊಟ್ಟರೋ ಅದನ್ನು ಕಣ್ಣಾರೆ ನೋಡಿ ಎಂದು, ಯಾಕೆ ಬೇಕಿತ್ತು ಈ ಅಧಿಕಪ್ರಸಂಗ, ತಿರುಗಿ ನೋಡಬಾರದು, ವಾಸನೆ ಅವಳಿಗೂ ಬಂದಿರುತ್ತದೆ.

ಹದಿನೈದು ದಿನ ಕೊಡಿ ಮೇಡಂ, ಎಂದಿದ್ದ ಮೇಸ್ತ್ರಿ ಅವತ್ತು, ಮುಕ್ಕಾಲು ಗೋಡೆ ಎಬ್ಬಿಸಿ ಒಣಗೋಕೆ ಬಿಡೋಣ, ಆಮೇಲೆ ನಿಮ್ಮ ಮಕ್ಕಳನ್ನ ಒಳಗೆ ಮಲಗಿಸಿ ಉಳಿದಿದ್ದನ್ನ ಮುಚ್ಚೋಣ — ನಿಮ್ಮ ಮಕ್ಕಳು, ಪುಸ್ತಕಗಳನ್ನು ಯಾವಾಗಲೂ ಹಾಗೇ ಕರೆದು ಕಾಡಿಸುತ್ತಿದ್ದ, ಒಂದಕ್ಷರ ಓದಲು ಬಾರದವನು — ಹದಿನೈದು ಗಂಟೆನೂ ಇಲ್ಲ ಮೇಸ್ತ್ರಿ, ಸೇತುವೆ ತನಕ ಬಂದಿದ್ದಾರೆ, ಹಾಗಾದ್ರೆ ಮೇಲ್ಗಡೆ ಕೈಯಗಲ ಒಂದು ತೂತಾದ್ರೂ ಇರಲಿ, ಗಾಳಿ ಆಡಲಿ, ಹಸಿ ಗೋಡೆ ಇದು, ನೀರೆಲ್ಲ ಒಳಗೇ ಬಿಡುತ್ತೆ ಎಂದ, ತೂತು ಬಿಟ್ಟರೆ ಯಾರ ಕಣ್ಣಿಗಾದ್ರೂ ಬೀಳುತ್ತೆ, ಮುಚ್ಚಿ ಅಂದ್ರೆ ಮುಚ್ಚಿ, ಪುಸ್ತಕದ ವಿಷಯ ನನಗೆ ಕಲಿಸಬೇಡಿ, ಎಂದಿದ್ದಳು, ಹೌದು, ಅವಳೇ, ಉಗುಳು ಹಚ್ಚಿದ ಬೆರಳಲ್ಲಿ ಹಾಳೆ ತಿರುವಿದ ಪ್ರೊಫೆಸರನ್ನು ಎಲ್ಲರ ಎದುರು ಎಬ್ಬಿಸಿ ಕೈ ತೊಳೆಸಿದವಳು, ನೀರಿನ ಲೋಟ ಕಂಡರೆ ಹೌಹಾರುತ್ತಿದ್ದವಳು, ಮಡಿಯಮ್ಮ ಎಂದು ಬೆನ್ನ ಹಿಂದೆ ಹೆಸರು ಪಡೆದವಳು, ಆ ಮಡಿಯಮ್ಮ ನಾನೂರು ಪುಸ್ತಕಗಳನ್ನು ಒದ್ದೆ ಗಾರೆಯ ನಡುವೆ ಹೂತು, ಎಲ್ಲವನ್ನೂ ಲಾರಿಯಲ್ಲಿ ಊರಾಚೆ ಕಳಿಸಲಾಗಿದೆ ಎಂದು ಕಾಗದ ಬರೆದು ಸಹಿ ಹಾಕಿ ಮೇಜಿನ ಮೇಲಿಟ್ಟು, ಎರಡು ಬೀದಿ ಆಚೆ ಅಕ್ಕನ ಮನೆಗೆ ಹೋಗಿ ಕದ ಹಾಕಿಕೊಂಡಳು, ಪುಸ್ತಕ ಬಚ್ಚಿಟ್ಟವರಿಗೆ ಗುಂಡು ಎಂದು ಜೀಪಿನಲ್ಲಿ ಸಾರಿಕೊಂಡು ಹೋದರು, ಗ್ರಂಥಾಲಯದಿಂದ ಅವನು ಹೊರಬಂದದ್ದನ್ನು ಕಂಡವರು ಯಾರೋ ಹೇಳಿದರಂತೆ, ವಾರದೊಳಗೆ ಮೇಸ್ತ್ರಿಯನ್ನು ಎಳೆದುಕೊಂಡು ಹೋದರು, ಎಲ್ಲಿ ಬಚ್ಚಿಟ್ಟೆ, ಎರಡು ದಿನ ಹೊಡೆದರು, ಬಾಯಿ ಬಿಡಲಿಲ್ಲ, ಗ್ರಂಥಾಲಯದ ಅಂಗಳದಲ್ಲೇ ಸತ್ತ. ಸೈನ್ಯ ಊರು ಬಿಟ್ಟ ಮೇಲೆ ಆ ಸಾವನ್ನು ಅವಳು ಎಷ್ಟು ಸಭೆಗಳಲ್ಲಿ ಹೇಳಿದ್ದಾಳೆ, ಅಕ್ಷರ ಬಾರದವನು ಅಕ್ಷರಕ್ಕಾಗಿ ಪ್ರಾಣ ಕೊಟ್ಟ ಎಂದು, ಗ್ರಂಥಾಲಯದ ಬಾಗಿಲಲ್ಲಿ ಹಾಕಿಸಲು ಅದೇ ಮಾತು ಕೆತ್ತುವ ಕಲ್ಲಿಗೂ ಹೇಳಿಟ್ಟಾಗಿದೆ.

ಈಗ ಗೋಡೆ ಆಳು ನುಗ್ಗುವಷ್ಟು ಬಾಯಿ ತೆರೆದಿದೆ, ಅವಳು ಬಗ್ಗಿ ಕೈ ಹಾಕಿದಳು, ಚರ್ಮದ ರಟ್ಟು, ಗಟ್ಟಿಯಾಗಿದೆ, ಇದೆ, ಇದೆ, ಬೆಳಕಿಗೆ ತಂದು ಉಗುರು ತೂರಿಸಿದಳು, ಹಾಳೆ ಏಳಲಿಲ್ಲ, ಇನ್ನೊಂದು ಕಡೆಯಿಂದ, ಏಳಲಿಲ್ಲ, ಹಾಳೆಗಳೇ ಇಲ್ಲ, ಎಲ್ಲ ಅಂಟಿಕೊಂಡು ಒಂದೇ ಮುದ್ದೆ, ಅಂಚಿನಲ್ಲಿ ಕಪ್ಪು ಬೂಷ್ಟು, ಇನ್ನೊಂದು ತೆಗೆದಳು, ಮತ್ತೊಂದು, ಮೇಲಿನ ಸಾಲು, ತಳದ ಸಾಲು, ಒಂದಾದರೂ, ದೇವರೇ, ಒಂದೇ ಒಂದಾದರೂ, ಕಬ್ಬಿಣದ ಕಪಾಟಿನಲ್ಲಿಟ್ಟದ್ದೂ ಹಾಗೇ, ಶಾಯಿ ಇಳಿದು ನೀಲಿ ಕೆಸರು, ಹಾರೆಯವರು ಹಾರೆ ಕೆಳಗಿಟ್ಟರು, ಕೊಂದದ್ದು ಸೈನ್ಯವಲ್ಲ, ಬೆಂಕಿಯಲ್ಲ, ತಾನು, ಹಿಂದೆ ಕುರ್ಚಿ ಕಿರುಗುಟ್ಟಿತು, ಮೇಸ್ತ್ರಿಯ ಹೆಂಡತಿ ಎದ್ದಳು, ಬರುತ್ತಿದ್ದಾಳೆ, ಹೇಳಿಬಿಡು, ಚೆನ್ನಾಗಿವೆ ಅಂದುಬಿಡು, ರಟ್ಟು ನೆಟ್ಟಗಿದೆ, ಅವಳಿಗೂ ಓದಲು ಬರುವುದಿಲ್ಲ, ಗಂಡ ಸತ್ತದ್ದು ಸಾರ್ಥಕ ಅಂದುಕೊಂಡು ಮನೆಗೆ ಹೋಗಲಿ, ಒಂದು ಸುಳ್ಳು, ಇಷ್ಟೆಲ್ಲ ಆದಮೇಲೆ ಒಂದು ಸುಳ್ಳಿಗೆ ಏನು ಬಂತು, ನಾಲಿಗೆ ತುದಿಗೆ ಬಂದಿತ್ತು ಆ ಮಾತು.

ಹಾಳಾಗಿದಾವೆ ಅಲ್ವಾ ಅಕ್ಕಾ, ಎಂದಳು ಮೇಸ್ತ್ರಿಯ ಹೆಂಡತಿ, ಮುದ್ದೆಯ ಮೇಲೆ ಬೆರಳೊತ್ತಿ, ಸೆರಗಿಗೆ ಒರೆಸಿಕೊಂಡು, ನಂಗೊತ್ತಿತ್ತು, ಅವತ್ತೇ ಮನೆಗೆ ಬಂದು ಹೇಳಿದ್ರು, ಹಸಿ ಗೋಡೆ ಒಳಗೆ ಹಾಕಿ ಮುಚ್ಚಿ ಬಂದೆ, ಒಂದು ಮಳೆಗಾಲನೂ ತಡೆಯಲ್ಲ ಅಂತ — ಗೊತ್ತಿತ್ತು, ಅವನಿಗೆ ಗೊತ್ತಿತ್ತು, ಹಾಗಾದರೆ ಯಾತಕ್ಕೆ, ತೋರಿಸಿಬಿಡಬಹುದಿತ್ತಲ್ಲ, ಎಂದದ್ದು ತನ್ನದೇ ದನಿ — ನಾನೂ ಅದನ್ನೇ ಕೇಳ್ಕೊಂಡೆ, ಜೀಪು ಮನೆ ಮುಂದೆ ನಿಂತಾಗ, ಅವರು ಒಳಗೆ ಬರೋಕೆ ಮುಂಚೆ ಕಾಲು ಹಿಡ್ಕೊಂಡೆ, ಹೆಂಗೂ ಕೊಳೆಯೋ ಪುಸ್ತಕ, ತೋರಿಸಿಬಿಡಿ ಅಂದೆ, ಗೋಡೆ ತೋರಿಸಿದ್ರೆ ಆ ಮೇಡಂ ಸಹಿ ಸುಳ್ಳಾಗುತ್ತೆ ಕಣೇ, ಇಲ್ಲೇ ಎರಡು ಬೀದಿ ಆಚೆ ಇದ್ದಾರೆ, ಕೊಂದುಬಿಡ್ತಾರೆ ಅಂದ್ರು, ಅಷ್ಟೇ, ಆಮೇಲೆ ಮಾತಾಡಲಿಲ್ಲ. ನಿಮ್ಮನ್ನ ಸಮಾಧಾನ ಮಾಡೋಕೆ ಬಂದಿಲ್ಲ ಅಕ್ಕಾ ನಾನು, ನಿಮ್ಮ ಕಾಗದ ಓದಿಸಿ ಕೇಳ್ದೆ, ಅದ್ರಲ್ಲಿ ಹೇಳಿದೀರಲ್ಲ, ಆ ಕಲ್ಲಿನ ಮೇಲೆ ಪುಸ್ತಕಕ್ಕೆ ಸತ್ತ ಅಂತ ಬರೆಸಬೇಡಿ, ಅದನ್ನ ಹೇಳೋಕೆ ಬಂದೆ.

ಅವಳು ಹೋದಳು, ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಹಾಗಾದರೆ ಏನಂತ ಬರೆಸುವುದು, ಕಲ್ಲಿನವನಿಗೆ ಏನು ಹೇಳುವುದು, ಮೇಸ್ತ್ರಿಯ ಮುಖ ನೆನಪು ಮಾಡಿಕೊಳ್ಳಬೇಕು, ಅಂಗಳದ್ದಲ್ಲ, ಅದನ್ನು ತಾನು ನೋಡಿಲ್ಲ, ಗೋಡೆ ಮುಚ್ಚಿದ ದಿನದ್ದು, ಆದರೆ ಹೊಡೆಯುವವರ ನಡುವೆಯೂ ತನಗೆ ಕಾಣುವುದು ಮುಚ್ಚಿದ ಬಾಯಿ, ತುಟಿಯ ಮೇಲೆ ಒಣಗಿದ ಸುಣ್ಣ, ಎಲ್ಲಿ ಬಚ್ಚಿಟ್ಟೆ, ಮುಚ್ಚಿದ ಬಾಯಿ, ಯಾರು ಬಚ್ಚಿಡಿಸಿದ್ದು, ತುಟಿಯ ಮೇಲೆ ಸುಣ್ಣ, ಆ ಹೊತ್ತಿಗೆ ತಾನು ಏನು ಮಾಡುತ್ತಿದ್ದೆ, ಅಕ್ಕ ಬಡಿಸಿದ್ದನ್ನು ಉಣ್ಣುತ್ತಿದ್ದೆನೇ, ನಿದ್ದೆ ಮಾಡುತ್ತಿದ್ದೆನೇ, ಹೇಳು ಮೇಸ್ತ್ರಿ, ನನ್ನ ಹೆಸರು ಹೇಳಿಬಿಡು — ಮುಚ್ಚಿದ ಬಾಯಿ, ತುಟಿಯ ಮೇಲೆ ಸುಣ್ಣ